ನನ್ನ ಪಾಳಿಯ ಪುಸ್ತಕ

ನನ್ನ ಪಾಳಿಯನ್ನು ಕಿತ್ತುಕೊಂಡವಳು ನನ್ನ ಮಗಳು. ಪುಸ್ತಕ ಬಳಗದವರು ಕಿತ್ತುಕೊಂಡರು ಅಂತ ನಮ್ಮ ಕಡೆಯ ಮಂದಿ ಈಗಲೂ ಆಡಿಕೊಳ್ಳುತ್ತಾರೆ. ಅದು ಸುಳ್ಳು. ಬಳಗದವರು ಮೊಬೈಲಿನಲ್ಲಿ ಕೈಮುಗಿದ ಗುರುತು ಹಾಕಿದರು, ಹೂವಿನ ಗುರುತು ಹಾಕಿದರು, ಅಷ್ಟೇ. ಕಿತ್ತವಳು ರೇಣುಕಾ. ನಾನು ಹೆತ್ತು, ಭತ್ತದ ಸಸಿ ಹಚ್ಚಿದ ಕೂಲಿಯಲ್ಲಿ ಓದಿಸಿ, ಸಾಲಿಯಲ್ಲಿ ಟೀಚರ್ ಆಗುವ ಮಟ್ಟಕ್ಕೆ ತಂದ ರೇಣುಕಾ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸಲೀಸು.

ಹೋದ ವಾರ ಸಿಂಧನೂರಿನ ಈ ಮನೆಗೆ ಬಣ್ಣ ಹೊಡೆಸಿದರು. ಇದೂ ಬಾಡಿಗೆ ಮನೆಯೇ. ಹಸಿ ಡಿಸ್ಟೆಂಪರ್ ವಾಸನೆ ಮೂಗಿಗೆ ಹತ್ತಿದ ಕೂಡಲೇ ಲಿಂಗಸುಗೂರಿನ ಆ ವರ್ಷ ನೆನಪಾಯಿತು. ಯಾವ ಬಾಡಿಗೆ ಮನೆಗೆ ಹೋದರೂ ಮೊದಲ ತಿಂಗಳು ಇದೇ ವಾಸನೆ. ಹಿಂದಿನವರು ಹೊಡೆದ ಮೊಳೆಯ ತೂತು, ಒಲೆಯ ಜಿಡ್ಡು, ಕೂಸುಗಳು ಗೀಚಿದ ಗೀಟು, ಎಲ್ಲದರ ಮೇಲೆ ಒಂದು ಪದರ ಬಳಿದುಬಿಡುತ್ತಾರೆ, ಇಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ.

ಆ ವರ್ಷ ಜೂನಿನಲ್ಲಿ ರೇಣುಕಾಳಿಗೆ ಲಿಂಗಸುಗೂರಿನ ಸಾಲಿಗೆ ವರ್ಗವಾಯಿತು. ಅಳಿಯ ಹನುಮಂತನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಕ್ವಾರ್ಟರ್ಸ್ ಇನ್ನೂ ಸಿಕ್ಕಿರಲಿಲ್ಲ, ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮೊಮ್ಮಗಳು ಮೈತ್ರಿ ಆರನೇ ಇಯತ್ತೆ. ಅವಳನ್ನು ನೋಡಿಕೊಳ್ಳಲು ನಾನು ನಮ್ಮ ಊರು ಮುಕ್ಕುಂದದಿಂದ ಬಂದೆ. ಮನೆ ಹುಡುಕಲು ನಾನೂ ಜೊತೆಗೆ ತಿರುಗಿದೆ. ಮೊದಲನೇ ಮನೆಯವರು ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಯಾವ ಓಣಿ ಅಂತ ಕೇಳಿದರು. ಆಮೇಲೆ, ‘ನಮ್ಮ ತಮ್ಮ ಬರಾಂವ ಅದಾನ್ರೀ, ಮನಿ ಆಂವಗ ಬೇಕು’ ಅಂದರು. ಎರಡನೇ ಮನೆಯವರಿಗೂ ಒಬ್ಬ ತಮ್ಮ ಬರುವವನಿದ್ದ. ಮೂರನೆಯವರಿಗೂ ಇದ್ದ. ಆ ತಿಂಗಳು ಲಿಂಗಸುಗೂರಿಗೆ ಎಷ್ಟು ತಮ್ಮಂದಿರು ಬರುವವರಿದ್ದರೋ, ಬಸ್ಸು ಸಾಲುತ್ತಿರಲಿಲ್ಲ.

ನಾಲ್ಕನೆಯದು ಶಶಿಕಲಾ ಅಕ್ಕಾರ ಮನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವರು. ಗಂಡ ಇಲ್ಲ. ಮುಂದೆ ಅವರ ಮನೆ, ಹಿಂದೆ ಬಾಡಿಗೆಗೆ ಎರಡು ಕೋಣೆ, ಗೇಟಿನ ಹತ್ತಿರ ಎರಡೂ ಮನೆಗೆ ಸೇರಿ ಒಂದು ನಳ. ಅವರು ಜಾತಿ ಕೇಳಲಿಲ್ಲ, ಓಣಿಯನ್ನೂ ಕೇಳಲಿಲ್ಲ. ನಗುನಗುತ್ತಾ ಒಂದೇ ಮಾತು ಕೇಳಿದರು.

‘ಮನಿದೇವ್ರು ಯಾವುದ್ರೀ ನಿಮ್ದು?’

‘ವೀರಭದ್ರ ದೇವ್ರು ರೀ,’ ಅಂದಳು ರೇಣುಕಾ. ರೆಪ್ಪೆ ಹೊಡೆಯಲಿಲ್ಲ.

ನಾನು ಅವಳ ಮುಖ ನೋಡಿದೆ. ಅವಳು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದಳು.

‘ಹಂಗಾರ ನಮ್ಮವ್ರೇ ಆದ್ರಿ. ಬರ್ರಿ, ಒಳಗ ಬರ್ರಿ. ಅಜ್ಜಿ, ಚಾ ಕುಡೀರಿ,’ ಅಂದರು ಅಕ್ಕಾರು.

ನಮಗೆ ಮನೆದೇವರು ಇಲ್ಲ. ರೇಣುಕಾ ಇನ್ನೂ ಕಾಲೇಜಿಗೆ ಹೋಗುವಾಗ ನಾವು ಬೌದ್ಧರಾದೆವು. ದೀಕ್ಷೆ ತೆಗೆದುಕೊಂಡ ದಿನ ನನ್ನ ಗಂಡ, ‘ಏನರ ಆದೀತೇನು’ ಅಂತ ಹೆದರಿ ಅಂಗಳದಲ್ಲಿ ಕೂತಿದ್ದ. ದೇವರ ಜಗುಲಿ ತೆರವು ಮಾಡಿ ಬುದ್ಧನ ಫೋಟೊ ಇಟ್ಟವಳು ನಾನು. ಏನೂ ಆಗಲಿಲ್ಲ. ಮರುದಿನ ಎಂದಿನಂತೆ ಸಸಿ ಹಚ್ಚಲು ಹೋದೆ.

ಲಿಂಗಸುಗೂರಿನ ಮನೆಯಲ್ಲಿ ಬುದ್ಧನಿಗೆ ತೊಂದರೆ ಇರಲಿಲ್ಲ. ಬುದ್ಧ ಈಗ ಎಲ್ಲರ ಶೋಕೇಸಿನಲ್ಲಿಯೂ ಇದ್ದಾನೆ. ಅಕ್ಕಾರ ಸೋಫಾದ ಮೇಲ್ಗಡೆಯೇ ಮೊರದಷ್ಟು ದೊಡ್ಡ ಬುದ್ಧನ ಮುಖ ತೂಗು ಹಾಕಿತ್ತು. ಕೋಟು ತೊಟ್ಟು ಕೈಯಲ್ಲಿ ಪುಸ್ತಕ ಹಿಡಿದು ನಿಂತವರ ಫೋಟೊ ಮಾತ್ರ ಟ್ರಂಕಿನ ತಳಕ್ಕೆ ಹೋಯಿತು, ನನ್ನ ಸೀರೆಗಳ ಕೆಳಗೆ. ಇಟ್ಟವಳು ರೇಣುಕಾ. ಸುಮ್ಮನೆ ನೋಡಿದವಳು ನಾನು. ಅದನ್ನೂ ಹೇಳಬೇಕು.

ಅಕ್ಕಾರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಹೆಪ್ಪಿಗೆ ಮೊಸರು ಕೊಡುತ್ತಿದ್ದರು. ಮೈತ್ರಿಯ ಅಕ್ಷರ ತಿದ್ದಿದರು. ನನಗೆ ಜ್ವರ ಬಂದಾಗ ತಾವೇ ಗಂಜಿ ತಂದರು. ಆ ಗಂಜಿ ಕುಡಿಯುವಾಗಲೂ ನನಗೆ ವೀರಭದ್ರ ಗಂಟಲಿಗೆ ಸಿಕ್ಕುತ್ತಿದ್ದ.

ಅವರೇ ನಡೆಸುತ್ತಿದ್ದದ್ದು ಆ ಪುಸ್ತಕ ಬಳಗ. ಲಿಂಗಸುಗೂರು, ಸಿಂಧನೂರು, ಮಸ್ಕಿ ಎಲ್ಲ ಸೇರಿ ಹನ್ನೆರಡು ಮಂದಿ, ಹೆಚ್ಚಿನವರು ಟೀಚರುಗಳು. ತಿಂಗಳಿಗೆ ಒಂದು ಪುಸ್ತಕ ಓದಿ, ಭಾನುವಾರ ನಾಲ್ಕು ಗಂಟೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಮಾತಾಡುವುದು. ಯಾವ ಪುಸ್ತಕ ಅನ್ನುವುದಕ್ಕೆ ಪಾಳಿ ಇತ್ತು. ಯುಗಾದಿಯಿಂದ ಯುಗಾದಿಗೆ ಹನ್ನೆರಡು ತಿಂಗಳು, ಹನ್ನೆರಡು ಮಂದಿ. ಯಾರ ಪಾಳಿಯೋ ಅವರು ತಿಂಗಳ ಕೊನೆಯ ಭಾನುವಾರ ಮುಂದಿನ ತಿಂಗಳ ವಿಷಯ ಹೇಳಬೇಕು. ಅದರ ಮೇಲೆ ಎಲ್ಲರೂ ಒಂದಷ್ಟು ಹರಟುತ್ತಾರೆ. ಮುಂದಿನ ಭಾನುವಾರ ಪುಸ್ತಕದ ಹೆಸರು ಹೇಳಬೇಕು. ಹೇಳಿದ ಮೇಲೆ ಯಾರೂ ಬೇಡ ಅನ್ನುವಂತಿಲ್ಲ, ಓದಲೇಬೇಕು. ಈ ನಿಯಮ ನನಗೆ ಸೇರಿತು. ಮುಕ್ಕುಂದದಲ್ಲಿ ಕಾಲುವೆ ನೀರಿಗೂ ಪಾಳಿ ಇದೆ, ಆದರೆ ಅಲ್ಲಿ ಮೇಲಿನ ಹೊಲದವರು ತೂಬು ತೆರೆದು ಕೂತರೆ ಕೆಳಗಿನವರ ಪಾಳಿ ಕಾಗದದಲ್ಲಿಯೇ ಒಣಗುತ್ತದೆ. ಪುಸ್ತಕದಲ್ಲಿ ಹಾಗೆ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ.

ಹನ್ನೆರಡನೆಯವಳಾಗಿ ರೇಣುಕಾಳನ್ನು ಅಕ್ಕಾರೇ ಸೇರಿಸಿಕೊಂಡರು. ಅವಳು ಬೇಳೆ ಡಬ್ಬಿಗೆ ಮೊಬೈಲ್ ಆನಿಸಿ ಕೂರುತ್ತಿದ್ದಳು. ನಾನು ಹಿಂದೆ ಪುಂಡಿಪಲ್ಯೆಯ ಎಲೆ ಬಿಡಿಸುತ್ತಾ ಕೇಳುತ್ತಿದ್ದೆ. ಒಂದು ತಿಂಗಳು ‘ಮಳೆ’ ಅಂದರು. ಆ ಪುಸ್ತಕದಲ್ಲಿ ಮಳೆ ಬಂದಾಗಲೆಲ್ಲ ಹುಡುಗಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ. ನಮ್ಮಲ್ಲಿ ಮಳೆ ಬಂದರೆ ಒಣಹಾಕಿದ ಮೆಣಸಿನಕಾಯಿಯ ಹತ್ತಿರ ಓಡುತ್ತಾರೆ. ಇನ್ನೊಂದು ತಿಂಗಳು ‘ಪ್ರಯಾಣ’. ಮತ್ತೊಂದು ತಿಂಗಳು ‘ತಾಯಿ’. ಆ ಭಾನುವಾರ ಎಲ್ಲರೂ ಅತ್ತರು, ಆಮೇಲೆ ಅತ್ತದ್ದಕ್ಕೆ ಒಬ್ಬರಿಗೊಬ್ಬರು ಧನ್ಯವಾದ ಹೇಳಿದರು.

ದೀಪಾವಳಿ ಮುಗಿದ ಮೇಲೆ ಬಂದದ್ದು ‘ಬಡತನ’. ಆ ಪುಸ್ತಕದಲ್ಲಿ ಕೂಲಿ ಹೆಂಗಸೊಬ್ಬಳು ಗದ್ದೆಯ ಬದುವಿನ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾ ಜೀವನದ ಬಗ್ಗೆ ನಾಲ್ಕು ಪುಟ ವಿಚಾರ ಮಾಡುತ್ತಾಳೆ. ಅದನ್ನು ಒಬ್ಬರು ಓದಿ ತೋರಿಸುತ್ತಿದ್ದರು. ನನಗೆ ತಡೆಯಲಿಲ್ಲ.

‘ಆಕಿ ಸಸಿ ಹಚ್ಚೇ ಇಲ್ಲ ಬಿಡ್ರಿ,’ ಅಂದೆ. ‘ಮುಂಜಾನಿಂದ ಬಗ್ಗಿದಾಕಿಗೆ ಸಂಜಿಗೆ ನಡಾ ನೆಟ್ಟಗಾದ್ರ ಸಾಕಾಗಿರತೈತಿ. ಹೊತ್ತು ಮುಳುಗೂದು ಯಾರು ನೋಡ್ತಾರ?’

‘ಯಾರದು ದನಿ? ರೇಣುಕಾ, ಅಜ್ಜಿನ್ನ ಮುಂದ ಕರಕೊಂಡ ಬರ್ರಿ,’ ಅಂದರು ಅಕ್ಕಾರು.

ಹಾಗೆ ನಾನು ಹದಿಮೂರನೆಯವಳಾದೆ. ಅಳಿಯನ ಹಳೆಯ ಮೊಬೈಲ್ ನನಗೆ ಬಂತು. ನಾನು ಏನು ಅಂದರೂ ಚಪ್ಪಾಳೆ ಹೊಡೆದರು. ಸಿಂಧನೂರಿನ ಬ್ಯಾಂಕಿನಲ್ಲಿರುವ ಪ್ರವೀಣ ಅನ್ನುವ ಹುಡುಗ ನನ್ನ ಮಾತುಗಳನ್ನು ಹೂವಿನ ಚಿತ್ರದ ಮೇಲೆ ಬರೆದು ತನ್ನ ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಿದ್ದ. ‘ಅಜ್ಜಿ ಅಂದ್ರ ನಮ್ಮ ಬಳಗದ ಕಳಾ’ ಅಂದರು ಯಾರೋ. ಕಳೆ ಅಂದರೆ ಮದುವೆ ಚಪ್ಪರದ ಬಾಳೆಗಿಡಕ್ಕೂ ಇರುತ್ತದೆ. ಮೂರನೇ ದಿನ ಕಿತ್ತು ದನಕ್ಕೆ ಹಾಕುತ್ತಾರೆ. ಆಗ ನನಗೆ ಅದು ಹೊಳೆಯಲಿಲ್ಲ. ಹಿಗ್ಗಿದ್ದೆ. ಪಟ್ಟಿಯ ಕೊನೆಯಲ್ಲಿ ನನ್ನ ಹೆಸರೂ ಬಿತ್ತು: ದುರುಗಮ್ಮ, ಯುಗಾದಿ ಮುಗಿದ ಮೇಲಿನ ತಿಂಗಳು.

ನಾನು ಕಲಿತದ್ದು ಎರಡನೇ ಇಯತ್ತೆ. ಆಮೇಲೆ ದೊಡ್ಡವಳಾದ ಮೇಲೆ ಊರಿನ ಅಕ್ಷರ ಕೇಂದ್ರದಲ್ಲಿ ಕಾಗುಣಿತ ಮುಗಿಸಿದೆ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ. ಒತ್ತಕ್ಷರ ಬಂದರೆ ನಿಲ್ಲುತ್ತೇನೆ, ಮತ್ತೆ ಹಿಂದಿನಿಂದ ಹೊರಡುತ್ತೇನೆ. ಬಳಗದ ಯಾವ ಪುಸ್ತಕವನ್ನೂ ನಾನು ಮುಗಿಸಲಿಲ್ಲ. ಪೂರ್ತಿ ಓದಿದ್ದು ಒಂದೇ. ಅದು ಮಸ್ಕಿಯಲ್ಲಿ ಸಿಕ್ಕಿದ್ದು.

ಮಸ್ಕಿಯಲ್ಲಿ ನನ್ನ ತಂಗಿಯ ಮನೆ. ಡಿಸೆಂಬರಿನಲ್ಲಿ ಅಲ್ಲಿ ನಮ್ಮ ಮಂದಿಯ ಸಭೆ ಇತ್ತು, ನಾನೂ ಹೋಗಿದ್ದೆ. ಬಯಲಿನ ಅಂಚಿನಲ್ಲಿ ತಾಡಪಾಲು ಹಾಸಿ ಪುಸ್ತಕ ಮಾರುತ್ತಿದ್ದವನ ಹತ್ತಿರ ತೆಳ್ಳಗಿನದೊಂದು ಕಂಡಿತು. ಮೇಲೆ ಬೀಗದ ಚಿತ್ರ. ಹೆಸರು ‘ಹನ್ನೊಂದು ಬೀಗ’. ದವಾಖಾನೆಯಲ್ಲಿ ನರ್ಸ್ ಆಗಿದ್ದ ಹೆಂಗಸೊಬ್ಬಳು ತಾನು ಇದ್ದ ಹನ್ನೊಂದು ಬಾಡಿಗೆ ಮನೆಗಳ ಬಗ್ಗೆ ಬರೆದದ್ದು. ದೊಡ್ಡ ಅಕ್ಷರ, ತೊಂಬತ್ತು ಪುಟ. ‘ಮನೆ ಖಾಲಿ ಇತ್ತು. ನನ್ನ ಹೆಸರು ಹೇಳುವವರೆಗೂ ಖಾಲಿ ಇತ್ತು.’ ಇದು ಅದರ ಮೊದಲನೇ ಸಾಲು. ಬಸ್ಸಿನಲ್ಲಿ ಬರುತ್ತಾ ಆ ಸಾಲನ್ನು ಐದು ಸಲ ಓದಿದೆ.

ಮುಗಿಸಲು ನಲವತ್ತು ದಿನ ಹಿಡಿಯಿತು. ರೇಣುಕಾ ಸಾಲಿಗೆ, ಮೈತ್ರಿ ಸಾಲಿಗೆ, ಅಳಿಯ ಹಟ್ಟಿಗೆ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಓದುತ್ತಿದ್ದೆ. ಆ ಹೆಂಗಸು ಆರನೇ ಮನೆಯಲ್ಲಿ ಮಾಲಕಿಯ ಬಾಣಂತನ ಮಾಡಿಸುತ್ತಾಳೆ, ಏಳನೇ ದಿನಕ್ಕೆ ಮನೆ ಬಿಡು ಅನ್ನಿಸಿಕೊಳ್ಳುತ್ತಾಳೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ನೀರು ಕುಡಿದು ಬಂದೆ. ಕೊನೆಯ ಪುಟದ ತನಕ ನಾನೇ ಓದಿದ ಪುಸ್ತಕ ನನ್ನ ಆಯುಷ್ಯದಲ್ಲಿ ಅದೊಂದೇ. ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕಿತ್ತು. ಮನೆಯಲ್ಲಿ ಮಾತಾಡುವ ಹಾಗಿರಲಿಲ್ಲ, ಓಣಿಯಲ್ಲಿ ಅಂತೂ ಇಲ್ಲವೇ ಇಲ್ಲ. ಬಳಗದಲ್ಲಿ ನನ್ನ ಪಾಳಿ ಬರುವುದಿತ್ತು. ಹನ್ನೆರಡು ಮಂದಿ ಅದನ್ನು ಓದಲೇಬೇಕು, ಓದಿ ನನಗೆ ಹೇಳಲೇಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಯುಗಾದಿ ಬಂತು, ಹೋಯಿತು. ಬಿಸಿಲು ಏರಿತು. ಲಿಂಗಸುಗೂರಿನ ಬಿಸಿಲಿಗೆ ಹಂಚಿನ ಮೇಲೆ ರೊಟ್ಟಿ ಬೇಯುವ ಮೊದಲು ಬೇಯಿಸುವವಳು ಬೇಯುತ್ತಾಳೆ. ನಳದ ನೀರು ನಾಲ್ಕು ದಿನಕ್ಕೊಮ್ಮೆ ಆಯಿತು. ಬಿಟ್ಟ ದಿನ ಮುಂಜಾನೆ ಗಾಳಿ ಮೊದಲು ಸುಂಯ್ ಅನ್ನುತ್ತದೆ, ಆಮೇಲೆ ನೀರು. ಮೊದಲು ಅಕ್ಕಾರ ಕೊಡ, ಆಮೇಲೆ ನಮ್ಮವು. ಮಾಲಕರಲ್ಲವೇ.

ಏಪ್ರಿಲ್‌ಗೆ ವಿಷಯ ಹೇಳುವ ಭಾನುವಾರ ನಾನು ಮೊಬೈಲ್ ಮುಂದೆ ಕೂತೆ. ಗೂಡಿನಂಥ ಚೌಕಗಳಲ್ಲಿ ಎಲ್ಲರ ಮುಖ. ರೇಣುಕಾ ಪಕ್ಕದಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

‘ಅಜ್ಜಿ, ಈ ಸಲ ನಿಮ್ಮ ಪಾಳಿ. ಏನ್ ಕೊಡ್ತೀರಿ ವಿಷಯ? ಭಕ್ತಿ ಕೊಡ್ತೀರೋ, ಮೊಮ್ಮಕ್ಕಳ ಪ್ರೀತಿ ಕೊಡ್ತೀರೋ?’ ಅಂದರು ಅಕ್ಕಾರು.

‘ಬಾಡಿಗಿ ಮನಿ,’ ಅಂದೆ.

ಎಲ್ಲರೂ ಒಮ್ಮೆಗೇ ಹೋ ಅಂದರು.

‘ಅಜ್ಜಿ, ಸೂಪರ್!’ ಅಂದ ಪ್ರವೀಣ. ‘ನಾ ಮೂರು ವರ್ಷದಾಗ ಐದು ಮನಿ ಬಿಟ್ಟೀನ್ರೀ. ಒಬ್ಬ ಮಾಲಕ, ನಾ ತಲಿಗೆ ಸಾಬಾನ ಹಚ್ಚಿದ್ದು ಅಂವಗ ಹೆಂಗ ಗೊತ್ತಾಗತಿತ್ತೋ, ಬರಾಬರಿ ಆಗ ಮೋಟರ್ ಬಂದ್ ಮಾಡ್ತಿದ್ದ.’

‘ನಮ್ಮ ಮಾಲಕಿದು ಮೂಗು ಕೇಳ್ರಿ,’ ಅಂದಳು ಗುರುಗುಂಟಾದ ಆರೋಗ್ಯ ಕೇಂದ್ರದ ನರ್ಸ್ ಬಾಯಿ. ‘ಒಗ್ಗರಣಿ ವಾಸನಿ ಮ್ಯಾಲ, ಇವತ್ತ ಅವರ ಮನ್ಯಾಗ ಏನ್ ಬೇಯಾಕತ್ತೈತಿ ಅಂತ ಓಣಿಗೆಲ್ಲ ಹೇಳ್ತಿದ್ಲು. ಪೊಲೀಸ್ ನಾಯಿನೂ ಅಷ್ಟು ಹೇಳಂಗಿಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕಾರು ಕಣ್ಣೊರೆಸಿಕೊಂಡು, ‘ಮಾಲಕರ ಕಷ್ಟಾನೂ ಒಂಚೂರು ಕೇಳ್ರೆಪಾ,’ ಅಂದರು. ‘ಈಗಿನ ಕಾಲದಾಗ ಜಾತಿ ಕೇಳಾಕ ಬರಂಗಿಲ್ಲ, ಕೇಳಿದ್ರ ಛಲೋ ಕಾಣಂಗಿಲ್ಲ. ಅದಕ್ಕ ನಾ ಏನ್ ಮಾಡ್ತೀನಿ, ಮನಿದೇವ್ರು ಯಾವುದ್ರೀ ಅಂತೀನಿ. ಒಂದ ಮಾತು. ಎಲ್ಲಾ ತಿಳೀತೈತಿ. ಯಾರ ಮನಸ್ಸಿಗೂ ಬ್ಯಾಸರಿಲ್ಲ.’

ಅದಕ್ಕೂ ನಕ್ಕರು. ‘ಮೇಡಂ, ನೀವು ಬಾಳ ಶ್ಯಾಣ್ಯಾ ಅದೀರಿ’ ಅಂದ ಪ್ರವೀಣ. ಗುರುಗುಂಟಾದ ನರ್ಸ್ ಬಾಯಿಯ ಚೌಕ ಕಪ್ಪಾಯಿತು. ನೆಟ್‌ವರ್ಕ್ ಹೋಗಿರಬೇಕು ಅಂದರು. ಇರಬಹುದು.

ನನ್ನ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಕೈ ನಿಂತಿತ್ತು.

ಅಂದು ಸಂಜೆ ರೇಣುಕಾ ರೊಟ್ಟಿ ಬಡಿಯುತ್ತಾ ಕೇಳಿದಳು. ‘ಯವ್ವಾ, ಪುಸ್ತಕ ಯಾವುದು ಹೇಳಾಕಿ?’

ನಾನು ಟ್ರಂಕಿನಿಂದ ತೆಗೆದು ತೋರಿಸಿದೆ. ಅವಳು ಹಿಟ್ಟಿನ ಕೈಯಲ್ಲಿ ಮುಟ್ಟಲಿಲ್ಲ. ಹಿಂದಿನ ರಟ್ಟಿನ ಮೇಲಿದ್ದದ್ದನ್ನು ನಿಂತಲ್ಲೇ ಓದಿದಳು. ಅವಳಿಗೆ ಓದಲು ಎಷ್ಟು ಹೊತ್ತು.

‘ಬ್ಯಾಡ ಬೇ. ಬ್ಯಾರೆ ಯಾವುದರ ಹೇಳು. ಬಾಡಿಗಿ ಮನಿ ಮ್ಯಾಲ ನಗೂ ಪುಸ್ತಕ ಬೇಕಾದಷ್ಟು ಅದಾವು. ನಾ ಹುಡುಕಿ ಕೊಡ್ತೀನಿ.’

‘ನಾ ಓದಿದ್ದು ಇದೊಂದ. ಇದನ್ನ ಹೇಳ್ತೀನಿ.’

‘ಇದನ್ನ ಓದಿದ ಮ್ಯಾಲ, ಇದು ನಿಮಗ ಎಲ್ಲಿ ಸಿಕ್ತು ಅಂತಾರ. ಯಾಕ ಆರಿಸಿದ್ರಿ ಅಂತಾರ. ಏನ್ ಹೇಳ್ತಿ?’

‘ಇದ್ದದ್ದು ಹೇಳ್ತೀನಿ. ಕೇಳಾಕ ಅಲ್ಲೇನು ಓದೂದು?’

ಅವಳು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ಆ ವಾರ ಪೂರ್ತಿ ಸುಮ್ಮನಿದ್ದಳು. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಅಂದುಕೊಂಡೆ. ಹೆತ್ತವಳಾಗಿ ನಾನು ಮಾಡಿದ ತಪ್ಪು ಅದು. ರೇಣುಕಾ ಸಣ್ಣವಳಿದ್ದಾಗಲೂ, ಅಳುವಾಗ ಏನೂ ಮಾಡುತ್ತಿರಲಿಲ್ಲ, ಸುಮ್ಮನಾದಾಗಲೇ ಏನಾದರೂ ಒಡೆಯುತ್ತಿದ್ದಳು.

ಪುಸ್ತಕದ ಹೆಸರು ಹೇಳುವ ಭಾನುವಾರ ನಾನು ಒಗೆದ ಸೀರೆ ಉಟ್ಟೆ. ಹೇಳಬೇಕಾದ್ದನ್ನು ಬಚ್ಚಲಲ್ಲಿ ಎರಡು ಸಲ ಹೇಳಿಕೊಂಡಿದ್ದೆ. ರೇಣುಕಾ ತಾನೇ ಬಂದು ಮೊಬೈಲ್ ಹಚ್ಚಿಕೊಟ್ಟು ಒಳಗೆ ಹೋದಳು. ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯ್ದೆ.

ಅಕ್ಕಾರು ಬಹಳ ಮೆತ್ತಗೆ ಶುರು ಮಾಡಿದರು. ಕೂಸಿಗೆ ಔಷಧ ಕುಡಿಸುವ ಮೊದಲು ಮಾತಾಡುವ ಹಾಗೆ.

‘ಅಜ್ಜಿ, ನಿಮಗ ಇನ್ನ ತ್ರಾಸ ಕೊಡೂದು ಬ್ಯಾಡ ಅಂತ ನಾವೆಲ್ಲಾ ವಿಚಾರ ಮಾಡೀವಿ. ರೇಣುಕಾ ನನಗ ಎಲ್ಲಾ ಹೇಳ್ಯಾರ. ವಯಸ್ಸಾದ ಮ್ಯಾಲ ಮರವು ಬರೂದು, ಏನೋ ಒಂದು ಅಂದು ಬಿಡೂದು, ಎಲ್ಲಾರಿಗೂ ಇದ್ದದ್ದ. ನಮ್ಮ ಅವ್ವಗೂ ಹಂಗ ಆಗಿತ್ತು. ನೀವು ನಮ್ಮ ಗೌರವ ಸದಸ್ಯರು. ಆರಾಮ ಕೂತು ಕೇಳ್ರಿ, ಅಷ್ಟ ಸಾಕು.’

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಪಾಳಿಯಿಂದ ಯಾರಿಗೂ ಹೊರೆಯಾಗಬಾರದು, ಅದಕ್ಕೆ ಪಾಳಿಯನ್ನೇ ತೆಗೆದಿದ್ದೇವೆ, ಇನ್ನು ಮೇಲೆ ಮೂರು ಮಂದಿ ಕೂಡಿ ವಿಷಯವನ್ನೂ ಪುಸ್ತಕವನ್ನೂ ಆರಿಸುತ್ತೇವೆ ಅಂದರು. ಅಜ್ಜಿಯ ವಿಷಯವನ್ನು ಬಿಟ್ಟಿಲ್ಲ, ಒಂಚೂರು ತಿದ್ದಿದ್ದೇವೆ ಅಂದರು. ಈ ತಿಂಗಳ ವಿಷಯ ‘ಕನಸಿನ ಮನೆ’.

‘ನನಗ ಯಾವ ಮರವುರೀ?’ ಅಂದೆ. ‘ನನಗ ಎಲ್ಲಾ ನೆನಪೈತಿ. ಪುಸ್ತಕ ತಂದೀನಿ ನೋಡ್ರಿ.’

ಎಲ್ಲರೂ ನಗುಮುಖ ಮಾಡಿ ನನ್ನನ್ನೇ ನೋಡುತ್ತಿದ್ದರು. ಪುಸ್ತಕ ಎತ್ತಿ ತೋರಿಸಿದೆ.

‘ಅಜ್ಜಿ, ನಿಮ್ಮ ಮೈಕ್ ಬಂದ್ ಐತ್ರಿ,’ ಅಂದ ಪ್ರವೀಣ. ‘ಕೇಳಸವಲ್ದು.’

ಎಲ್ಲಿ ಒತ್ತಬೇಕೋ ನನಗೆ ತಿಳಿಯಲಿಲ್ಲ. ಒಂದು ಕಡೆ ಒತ್ತಿದೆ, ಅಕ್ಕಾರ ಮುಖ ದೊಡ್ಡದಾಯಿತು. ಇನ್ನೊಂದು ಕಡೆ ಒತ್ತಿದೆ, ನನ್ನ ಮುಖವೇ ಹೋಯಿತು. ಅವರಿಗೆ ಅದು ಮರೆವಿನ ಸಾಕ್ಷಿಯಾಗಿ ಕಂಡಿರಬೇಕು. ಕೈಮುಗಿದ ಗುರುತುಗಳು ಒಂದರ ಹಿಂದೆ ಒಂದು ಬಂದವು. ಮೈಕನ್ನು ಬಂದ್ ಮಾಡಿದ್ದು ಯಾರು ಅಂತ ನಾನು ಕೇಳಲಿಲ್ಲ. ಮೊಬೈಲ್ ಹಚ್ಚಿಕೊಟ್ಟವಳು ರೇಣುಕಾ.

ಒಳಗೆ ಹೋದೆ. ಅವಳು ಸ್ಟವ್ ಒರೆಸುತ್ತಿದ್ದಳು. ಅದು ಮೊದಲೇ ಸ್ವಚ್ಛವಿತ್ತು.

‘ಅವ್ವಗ ಹುಚ್ಚು ಹಿಡದೈತಿ ಅಂದೇನು?’

‘ಹುಚ್ಚು ಅಂದಿಲ್ಲ. ಮರವು ಅಂದೀನಿ.’

‘ಎರಡಕ್ಕೂ ಫರಕ್ ಏನ್ ಲೇ?’

ಅವಳು ಬಟ್ಟೆ ಬಿಸಾಕಿ ತಿರುಗಿದಳು. ‘ಮೈತ್ರಿ ಅವರ ಅಡಗಿಮನ್ಯಾಗ ತಾನ ತಾಟು ತಗೊಂಡು ಉಣ್ತಾಳ. ಯುಗಾದಿ ದಿನ ಹೋಳಗಿ ಹೂರಣಕ್ಕ ಕೈ ಹಾಕಿ ತಿಂದಾಳ. ಯಾರೂ ಹೊರಗ ನಿಲ್ಲು ಅಂದಿಲ್ಲ. ಅಷ್ಟ ವಯಸ್ಸಿನ್ಯಾಗ ನನ್ನ ಗೌಡ್ರ ಅಂಗಳಕ್ಕ ಕರಕೊಂಡು ಹೋಗಿ, ಬೊಗಸಿ ಹಿಡಿಯಾಕ ಹಚ್ಚಿ, ಮ್ಯಾಲಿಂದ ಸುರಿದ ನೀರು ಕುಡಿಸೀದಿ ನೀ. ನೆನಪೈತೇನು? ಮೂಗಿಗೆ ಹೋಗಿ ಕೆಮ್ಮಿದ್ದೆ. ಕೆಮ್ಮಬ್ಯಾಡ, ಅವರಿಗೆ ಸಿಡೀತೈತಿ ಅಂದಿದ್ದಿ. ಅದು ನಿನಗ ನೆನಪಿದ್ರ ನೀ ಈ ಪುಸ್ತಕ ಹೊರಗ ತೆಗೀತಿದ್ದಿಲ್ಲ. ಅದಕ್ಕ ಮರವು ಅಂದೀನಿ.’

ಕೆಮ್ಮಬೇಡ ಅಂದದ್ದು ನಿಜ. ಅಂದದ್ದು ನೆನಪಿದೆ.

ಹೊರಗಿನ ಕೋಣೆಗೆ ಬಂದು ಕೂತೆ. ಮೈತ್ರಿಯ ಪರೀಕ್ಷೆ ಮುಗಿದು ವರ್ಷದ ನೋಟ್‌ಬುಕ್ಕುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ರದ್ದಿಯವನಿಗೆ ಹಾಕಲು ಕಟ್ಟಬೇಕಿತ್ತು. ಕೈಗೆ ಕೆಲಸ ಬೇಕಿತ್ತು, ಸುತಲಿ ತಂದು ಕೂತೆ. ಅಕ್ಕಾರು ತಿದ್ದಿದ ಅಕ್ಷರ ಚೆಂದ ಆಗಿತ್ತು, ದುಂಡಗೆ, ನನಗೂ ಓದಲು ಬರುವ ಹಾಗೆ. ಕನ್ನಡದ ನೋಟ್‌ಬುಕ್ಕಿನಲ್ಲಿ ‘ನಮ್ಮ ಮನೆ’ ಅಂತ ಒಂದು ಪ್ರಬಂಧ. ಬೆರಳಿಟ್ಟು ಓದಿದೆ. ‘ನಮ್ಮ ಮನೆ ಚಿಕ್ಕದು. ಮನೆಯಲ್ಲಿ ನಾವು ನಾಲ್ಕು ಜನ ಇದ್ದೇವೆ. ನಮ್ಮ ಮನೆದೇವರು ವೀರ...’ ಒತ್ತಕ್ಷರಕ್ಕೆ ನಿಂತೆ. ಓದಲು ಬಾರದೆ ನಿಂತದ್ದಲ್ಲ. ‘ವೀರಭದ್ರ. ನಮ್ಮ ಅಜ್ಜಿ ದಿನಾಲೂ ಪೂಜೆ ಮಾಡುತ್ತಾಳೆ.’ ಕೆಳಗೆ ಸಾಲಿಯ ಟೀಚರ್ ಕೆಂಪು ಶಾಯಿಯಲ್ಲಿ ರೈಟ್ ಹಾಕಿ, ‘ಉತ್ತಮ’ ಅಂತ ಬರೆದಿದ್ದರು.

ಹೊರಗೆ ಆಡುತ್ತಿದ್ದವಳನ್ನು ಕರೆದೆ. ‘ಇದನ್ನ ಹಿಂಗ ಬರಿ ಅಂತ ನಿಮ್ಮವ್ವ ಹೇಳಿದ್ಲೇನು?’

‘ಯಾರೂ ಹೇಳಿಲ್ಲ ಅಜ್ಜಿ,’ ಅಂದಳು ಮೈತ್ರಿ. ನನ್ನ ಮುಖ ನೋಡಿದಳು. ‘ಯಾಕ, ತಪ್ಪೈತೇನು? ನಮ್ಮ ಮನಿದೇವ್ರು ವೀರಭದ್ರ ಅಲ್ಲೇನು?’

ಅವಳ ಕಣ್ಣಿನಲ್ಲಿ ಸುಳ್ಳು ಇರಲಿಲ್ಲ. ರೇಣುಕಾ ಹೇಳಿದ್ದು ಸುಳ್ಳು, ನಾನು ಸುಮ್ಮನಿದ್ದದ್ದು ಸುಳ್ಳು. ಈ ಹುಡುಗಿ ಬರೆದದ್ದು ಮಾತ್ರ ಅವಳಿಗೆ ನಿಜ. ಒಂದು ವರ್ಷದಲ್ಲಿ ನಮ್ಮ ಮೇಲೆ ಒಂದು ಪದರ ಬಳಿದಾಗಿತ್ತು, ಅವಳು ಅದನ್ನೇ ಗೋಡೆ ಅಂದುಕೊಂಡಿದ್ದಳು.

ಆ ನೋಟ್‌ಬುಕ್ ಒಂದನ್ನು ಬಿಟ್ಟು ಉಳಿದವನ್ನು ಕಟ್ಟಿಟ್ಟೆ. ಉಂಡೆ, ಮಲಗಿದೆ. ರೇಣುಕಾ ಹಾಸಿಗೆಯಲ್ಲಿ ಆ ಕಡೆ ತಿರುಗಿ ಮಲಗಿದ್ದಳು.

ಮರುದಿನ ನೀರು ಬಿಡುವ ದಿನ. ಎಂದಿನಂತೆ ಐದೂವರೆಗೆ ಎದ್ದು, ಅಂಗಳ ಗುಡಿಸಿ, ಮುಖ ತೊಳೆದೆ. ಎಲ್ಲರೂ ಮಲಗಿದ್ದರು. ಪುಸ್ತಕ, ಮೊಬೈಲ್ ಎರಡನ್ನೂ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಬಳಗದ ಗುಂಪಿಗೆ ದನಿ ಕಳಿಸುವ ಗುಂಡಿ ನನಗೆ ಗೊತ್ತಿತ್ತು. ತಂಗಿಗೆ ದಿನಾ ಕಳಿಸುತ್ತಿದ್ದೆ. ಅದನ್ನು ಬಂದ್ ಮಾಡುವವರು ಹತ್ತಿರ ಯಾರೂ ಇರಲಿಲ್ಲ. ಗುಂಡಿಯನ್ನು ಮೇಲೆ ಸರಿಸಿ, ಮೊಬೈಲನ್ನು ಪಕ್ಕದಲ್ಲಿಟ್ಟು, ಮೊದಲನೇ ಸಾಲಿನ ಕೆಳಗೆ ಬೆರಳಿಟ್ಟೆ. ‘ಮನೆ ಖಾಲಿ ಇತ್ತು. ನನ್ನ ಹೆಸರು ಹೇಳುವವರೆಗೂ ಖಾಲಿ ಇತ್ತು.’ ಒಂದು ಪುಟ ಪೂರ್ತಿ ಓದಿದೆ. ಒತ್ತಕ್ಷರಕ್ಕೆ ನಿಂತೆ, ಮತ್ತೆ ಹಿಂದಿನಿಂದ ಹೊರಟೆ, ಕಾಗೆ ಕೂಗಿತು, ಅದೂ ಸೇರಿಕೊಂಡಿರಬೇಕು. ಪುಟ ಮುಗಿದ ಮೇಲೆ ನನ್ನ ಮಾತಿನಲ್ಲಿ ಹೇಳಿದೆ: ‘ಈ ತಿಂಗಳು ನನ್ನ ಪಾಳಿ. ಪುಸ್ತಕ ಹನ್ನೊಂದು ಬೀಗ. ನನಗ ಮರವು ಬಂದಿಲ್ಲ. ನಾ ಮುಕ್ಕುಂದದ ದುರುಗಮ್ಮ, ಸಸಿ ಹಚ್ಚಾಕಿ. ನಮಗ ಮನಿದೇವ್ರು ಇಲ್ರೀ. ಅಕ್ಕಾರ, ಮೊದಲನೇ ದಿನ ನೀವು ಕೇಳಿದ್ದಕ್ಕ ಈಗ ಹೇಳಾಕತ್ತೀನಿ.’

ಕಳಿಸಿದೆ. ಹೋಯಿತು ಅನ್ನುವ ಗುರುತು ಬಿತ್ತು.

ಆಗ ಗೇಟಿನ ಕಡೆಯಿಂದ ನಳದ ಗಾಳಿ ಸುಂಯ್ ಅಂದದ್ದು ಕೇಳಿತು. ಎರಡು ಕೊಡ ತೆಗೆದುಕೊಂಡು ಹೋದೆ. ಅಕ್ಕಾರು ಆಗಲೇ ಬಂದು ನಿಂತಿದ್ದರು. ಅವರ ಕೊಡ ನಳದ ಕೆಳಗಿತ್ತು, ಮೊಬೈಲ್ ಕಿವಿಯ ಹತ್ತಿರ. ಅದರೊಳಗಿನಿಂದ ನನ್ನ ದನಿಯೇ ಬರುತ್ತಿತ್ತು, ಯಾವುದೋ ಒತ್ತಕ್ಷರಕ್ಕೆ ಬಂದು ನಿಂತಿತ್ತು. ಅವರು ನನ್ನನ್ನು ನೋಡಿದರು. ಕಿವಿಯಿಂದ ಮೊಬೈಲ್ ತೆಗೆಯಲಿಲ್ಲ. ನಾನು ನನ್ನ ಕೊಡವನ್ನು ಅವರ ಕೊಡಕ್ಕೆ ತಾಗುವ ಹಾಗೆ ಪಕ್ಕದಲ್ಲಿ ಇಟ್ಟು, ನನ್ನ ಪಾಳಿಗೆ ಕಾಯುತ್ತಾ ನಿಂತೆ.